ಪುಟ್ಟಿ, ಮಗೂಗೆ ಹುಷಾರಿಲ್ಲದಾಗ ಇದೊಂದು ಓದ್ಕೋ

ಪುಟ್ಟಿ,

ಮಗೂಗೆ ವಾಂತಿ ಭೇದಿ ಅಂದಾಗಿಂದ ನಾನು ಒಂದೇ ಸಮನೆ ಕೇಳ್ತಾ ಇದ್ದೆ, ನೀನು "ನಂಗೆ ಗೊತ್ತಮ್ಮ, ಸುಮ್ನೆ ಹೆದರಿಸ್ಬೇಡ" ಅಂತ ಫೋನ್ ಇಟ್ಬಿಟ್ಟೆ. ಬೇಜಾರಿಲ್ಲ ಕಣೇ, ರಾತ್ರಿಯೆಲ್ಲ ವಾಂತಿ ಒರೆಸ್ಕೊಂಡು ಕೂತವಳು ಇನ್ನೇನು ಮಾತಾಡ್ತಾಳೆ. ನನ್ನ ಧ್ವನೀನೂ ಏರ್ತು, ಕ್ಷಮಿಸು. ಈಗ ಮತ್ತೆ ಫೋನ್ ಮಾಡಿದ್ರೆ ಮಗು ಎದ್ಬಿಡತ್ತೆ ಅಂತ ಬರೀತಿದೀನಿ.

ನೀನು ಎಷ್ಟು ಸಲ ಮೋಷನ್ ಆಯ್ತು ಅಂತ ಹೇಳ್ದೆ, ಉಚ್ಚೆ ವಿಷ್ಯ ಎತ್ತಲೇ ಇಲ್ಲ. ನಂಗೆ ಬೇಕಿದ್ದಿದ್ದು ಅದು, ಮೈಯಲ್ಲಿ ನೀರು ಕಮ್ಮಿ ಆಗಿದ್ಯಾ ಅಂತ ಅದರಲ್ಲೇ ಗೊತ್ತಾಗೋದು. ನೀನೂ ಒಂದೂವರೆ ವರ್ಷದವಳಿದ್ದಾಗ ಹೀಗೇ ಮಲಗಿದ್ದೆ. ಬಾಯ್ತುಂಬ ಅಳ್ತಿದ್ದೆ, ಆದ್ರೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಕೆನ್ನೆ ಒಣಗಿತ್ತು, ನಾಲಿಗೆ ಅಂಟಂಟು, ಹೊಟ್ಟೆ ಮೇಲಿನ ಚರ್ಮ ಹಿಡಿದು ಬಿಟ್ರೆ ಮಡಿಕೆ ಹಾಗೇ ನಿಂತಿರೋದು. ಡ್ರಿಪ್ ಹಾಕಿ ಎಷ್ಟೋ ಹೊತ್ತಾದ್ಮೇಲೆ ಸೂಜಿ ಚುಚ್ಚಿದ ಕೈ ನೋಡ್ಕೊಂಡು ಅತ್ತೆಯಲ್ಲ, ಆಗ ಕಣ್ಣಂಚಲ್ಲಿ ನೀರು ಬಂತು. ನಿಮ್ಮಪ್ಪ ಅದನ್ನ ಬೆರಳಲ್ಲಿ ಮುಟ್ಟಿ ನಂಗೆ ತೋರಿಸಿದ್ರು. ಇವತ್ತಿಗೂ ಯಾವ ಮಗು ಅತ್ರೂ ನಾನು ಮೊದಲು ಕಣ್ಣು ನೋಡ್ತೀನಿ. ಅದಕ್ಕೇ ಕಣೇ ನಿನ್ನನ್ನ ಅಷ್ಟು ಸಲ ಕೇಳಿದ್ದು, ಅತ್ರೆ ನೀರು ಬರ್ತಿದ್ಯಾ ಅಂತ.

ಓಆರ್‌ಎಸ್ ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದ್ಯೋ ಅಷ್ಟಕ್ಕೇ ಪೂರ್ತಿ ಪ್ಯಾಕೆಟ್ ಹಾಕು, ಲೋಟಕ್ಕೆ ಚೂರು ಚೂರು ಉದುರಿಸ್ಬೇಡ, ಉಪ್ಪು ಹೆಚ್ಚುಕಮ್ಮಿ ಆದ್ರೆ ಕಷ್ಟ. 24 ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿ ಹೊಸದು ಕಲಸು. ಪ್ರತಿ ಸಲ ಭೇದಿ ಆದ್ಮೇಲೆ 50ರಿಂದ 100 ಎಂಎಲ್. ವಾಂತಿ ಮಾಡ್ಕೊಂಡ್ರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ. ಜ್ಯೂಸ್, ಸೋಡಾ ಬೇಡ, ಆ ಸಕ್ಕರೆ ಭೇದಿ ಇನ್ನೂ ಜಾಸ್ತಿ ಮಾಡತ್ತೆ. ಎದೆಹಾಲು ನಿಲ್ಲಿಸ್ಬೇಡ, ಯಾರು ಏನೇ ಹೇಳ್ಲಿ. ಭೇದಿ ಕಟ್ಟೋ ದೊಡ್ಡೋರ ಮಾತ್ರೆಯಂತೂ ಮುಟ್ಟಲೇಬೇಡ. ಡಾಕ್ಟರ್ ಕೊಟ್ಟಿರೋ ಜಿಂಕ್ ಭೇದಿ ನಿಂತ್ರೂ ಅವರು ಹೇಳಿದಷ್ಟು ದಿನ ಕೊಡು. ಮತ್ತೆ ಕೈ, ಪ್ರತಿ ಡೈಪರ್ ಆದ್ಮೇಲೂ ಸೋಪಲ್ಲೇ ತೊಳಿ, ನೀನೂ ಮಲಗಿಬಿಟ್ರೆ ಅವನನ್ನ ಯಾರು ನೋಡ್ಕೋತಾರೆ.

ವಿಡಿಯೋ ಕಾಲಲ್ಲಿ ನೋಡ್ದೆ, ಚಮಚ ಅವನ ತುಟಿಗೆ ತಾಗಿಸಿ, ಅವನಾಗೇ ಬಾಯಿ ತೆರೆಯೋ ತನಕ ಕಾಯ್ತಿದ್ದೆ. ಆ ತಾಳ್ಮೆ ನಂಗಿರ್ಲಿಲ್ಲ ಪುಟ್ಟಿ.

ನೀರ್‌ಭೇದಿ ಆಗ್ತಿದ್ರೆ ಡೈಪರಲ್ಲಿ ಉಚ್ಚೆ ಗೊತ್ತಾಗಲ್ಲ, ಮುಂದುಗಡೆ ಒಂದು ಬಿಳಿ ಹತ್ತಿ ಬಟ್ಟೆ ಮಡಚಿಡು. ಅದು 6 ಗಂಟೆ ಒಣಗೇ ಇದ್ರೆ, ಕಣ್ಣು ಗುಳಿ ಬಿದ್ರೆ, ಎಬ್ಬಿಸಿದ್ರೂ ಮಂಪರಲ್ಲೇ ಇದ್ರೆ, ಭೇದೀಲಿ ರಕ್ತ ಕಂಡ್ರೆ, ವಾಂತಿ ಹಸಿರಾದ್ರೆ, ಕುಡಿದಿದ್ದೆಲ್ಲ ಆಚೆ ಬರ್ತಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ನನ್ನನ್ನೂ ಕೇಳ್ಬೇಡ, ಎತ್ಕೊಂಡು ಆಸ್ಪತ್ರೆಗೆ ಹೊರಡು.

ಈಗ ಆ ಬಟ್ಟೆ ಇಡು, ಆಮೇಲೆ ಮುಟ್ಟಿ ನೋಡಿ ಒದ್ದೆಯೋ ಒಣಗಿದ್ಯೋ ಅಂತ ಒಂದು ಮೆಸೇಜ್ ಹಾಕು, ಎಚ್ಚರ ಇದೀನಿ.

ಅಮ್ಮ