ಸರ್ವೊ ಬಿಚ್ಚಲು ಮಕ್ಕಳಿಗೆ ಬಿಡಿ

ಮಾನ್ಯ ಸಂಪಾದಕರೇ,

ಮಂಡಿ ಮೊಹಲ್ಲಾದಲ್ಲಿ ಮೂವತ್ತೈದು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿಕೊಂಡು ಬಂದವನು ನಾನು. ಮಕ್ಕಳು ಕೈಯಾರೆ ಸಲಕರಣೆ ಮಾಡಿ ಕಲಿಯಲೆಂದು ಶಾಲೆಗಳಲ್ಲಿರುವ ಟಿಂಕರಿಂಗ್ ಲ್ಯಾಬ್ ವಿಷಯದಲ್ಲಿ ಒಂದು ಮಾತು ಹೇಳಬೇಕಾಗಿದೆ.

ಒಂಬತ್ತನೇ ತರಗತಿಯಲ್ಲಿರುವ ಮೊಮ್ಮಗಳು ಈ ಸಲ ಗೊಂಬೆ ಕೂರಿಸುವಾಗ ಜಂಬೂ ಸವಾರಿ ನಿಜಕ್ಕೂ ಹೊರಡಬೇಕು ಎಂದು ಹಟ ಹಿಡಿದಳು. ದುಂಡನೆಯ ಹಲಗೆಯ ನಡುವೆ ಶಾಲೆಯಿಂದ ತಂದ ಎಸ್‌ಜಿ90 ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು), ಅದಕ್ಕೆ ಕಟ್ಟಿದ ಬಿದಿರುಕಡ್ಡಿ, ಕಡ್ಡಿಯ ತುದಿಗೆ ಅಂಬಾರಿ ಹೊತ್ತ ಥರ್ಮೋಕೋಲ್ ಆನೆ. ಅಂಚಿನ ಸುತ್ತ ಅರಮನೆ, ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ, ಹೈವೇ ಸರ್ಕಲ್, ಬನ್ನಿಮಂಟಪ, ಎಲ್ಲವನ್ನೂ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ್ದಳು. “ತಾತ, ಆನೆ ಹೈವೇ ಸರ್ಕಲ್‌ಗೆ ಬಂದು ನಿಂತುಬಿಡುತ್ತೆ. ಪ್ರೋಗ್ರಾಮ್‌ನಲ್ಲಿ 180 ಇದ್ದದ್ದನ್ನ 230 ಮಾಡಿದೆ, ಆದ್ರೂ ಕದಲ್ತಿಲ್ಲ” ಎಂದಳು.

ಕದಲುವುದಿಲ್ಲ. ಸರ್ವೊವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊ; ಅದರ ಸರ್ವೊ ಲೈಬ್ರರಿಗೆ, ಅಂದರೆ ಸಿದ್ಧ ಪ್ರೋಗ್ರಾಮಿಗೆ, 230 ಡಿಗ್ರಿ ಎಂದು ಹೇಳಿದರೂ ಅದು 180ಕ್ಕೇ ನಿಲ್ಲಿಸುತ್ತದೆ. ಎಷ್ಟು ತಿರುಗಬೇಕೆಂದು ಸರ್ವೊಗೆ ತಿಳಿಸುವುದು ಪಲ್ಸ್, ಅಂದರೆ ವಿದ್ಯುತ್ತಿನ ಪುಟ್ಟ ಮಿಡಿತ, ಎಷ್ಟು ಹೊತ್ತು ಇರುತ್ತದೆ ಎಂಬುದು. ಲೈಬ್ರರಿಯ ಮಿತಿಯನ್ನೂ ಏರಿಸಿ, ಪಲ್ಸನ್ನು ನೇರವಾಗಿ ಮೈಕ್ರೊಸೆಕೆಂಡಿನಲ್ಲೇ ಕೊಟ್ಟು, 2400 ದಾಟಿಸಿ ನೋಡಿದೆವು. ಒಂದಿಷ್ಟು ಮುಂದೆ ಸರಿದು ಗುಂಯ್ ಎನ್ನತೊಡಗಿತು. ಒಳಗಿನ ತಡೆಗೆ ತಾಗಿಯೂ ತಳ್ಳುತ್ತಿದೆ ಎಂದರ್ಥ. ಹಾಗೇ ಬಿಟ್ಟರೆ ಮೋಟಾರು ಸುಟ್ಟುಹೋಗುತ್ತದೆ. ಇನ್ನು ಬಿಚ್ಚಲೇಬೇಕು ಎಂದೆ.

ಬಿಚ್ಚುವುದಕ್ಕೆ ಶಾಲೆಯಲ್ಲಿ ಒಪ್ಪಲಿಲ್ಲ. ಸ್ಟಾಕ್ ರಿಜಿಸ್ಟರ್‌ನಲ್ಲಿರುವ ಸಾಮಾನು ಹಾಳಾದರೆ ಮೇಲಿನವರಿಗೆ ಉತ್ತರ ಹೇಳುವವರು ಯಾರು ಎಂದರಂತೆ. ಆ ಮೇಷ್ಟರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕೊರಳಿಗೆ ಬರುವ ಮಾತೇ ಅದು. ಅಂಗಡಿಗೆ ಹೋಗಿ ಬೇರೊಂದು ಕೊಂಡುತಂದೆ. 150 ರೂಪಾಯಿಯೂ ಆಗಲಿಲ್ಲ.

ತಳದ ನಾಲ್ಕು ಸ್ಕ್ರೂ ಅವಳೇ ತೆಗೆದಳು. ಮೇಲಿನ ಮುಚ್ಚಳ ಎತ್ತಿದರೆ ಗ್ರೀಸು ಮೆತ್ತಿದ ಪುಟ್ಟ ಪುಟ್ಟ ಬಿಳಿ ಗೇರುಗಳು. ಕೊನೆಯ ಗೇರಿನ ಮೈಮೇಲೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಗುಬುಟು. ಆನೆಯನ್ನು ತಡೆದಿದ್ದು ಅದೇ! ಬ್ಲೇಡಿನಲ್ಲಿ ಸವರಿ ತೆಗೆದೆವು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಗೇರಿನ ಕೆಳಗೆ ಒಂದು ಪಾಟ್ (ತಿರುಗಿಸಿದಂತೆ ವಿದ್ಯುತ್ತಿಗೆ ಒಡ್ಡುವ ತಡೆ ಬದಲಾಗುವ ಭಾಗ) ಇದೆ, ಹಳೇ ರೇಡಿಯೊದ ವಾಲ್ಯೂಮ್ ಕಂಟ್ರೋಲ್ ಇದ್ದಹಾಗೆ. ಕಡ್ಡಿ ಎಲ್ಲಿದೆ ಎಂದು ಸರ್ವೊದೊಳಗಿನ ಪುಟ್ಟ ಬೋರ್ಡಿಗೆ ತಿಳಿಸುವುದು ಅದರ ನಡುವಿನ ಕಾಲು. ಮೀಟರ್ ಹಿಡಿದು ಅಳೆದೆವು, 5 ಕಿಲೋ ಓಮ್. ಎರಡು ಕೊನೆಯ ಕಾಲುಗಳ ವೈರು ಬಿಡಿಸಿ, ಒಂದೊಂದಕ್ಕೂ 820 ಓಮಿನ ರೆಸಿಸ್ಟರ್ ಸೇರಿಸಿ ಬೆಸುಗೆ ಹಾಕಿದೆವು. ಈಗ ಪಾಟ್ ಎಷ್ಟು ತಿರುಗಿದರೂ ವೋಲ್ಟೇಜು ಮೊದಲಿನಷ್ಟು ಬದಲಾಗುವುದಿಲ್ಲ. ಇನ್ನೂ ಜಾಗ ತಲುಪಿಲ್ಲ ಎಂದುಕೊಂಡು ಬೋರ್ಡು ಮೋಟಾರನ್ನು ತಿರುಗಿಸುತ್ತಲೇ ಇರುತ್ತದೆ. 5000ಕ್ಕೆ 1640 ಕೂಡಿಸಿ 5000ದಿಂದ ಭಾಗಿಸಿದರೆ ಸುಮಾರು 1.33; 180 ಇದ್ದದ್ದು 240ರ ಹತ್ತಿರ ಬರಬೇಕು. ಈ ಲೆಕ್ಕವನ್ನು ಅವಳೇ ನೋಟ್‌ಬುಕ್ಕಿನಲ್ಲಿ ಮಾಡಿ, ಕೋನಮಾಪಕ ಇಟ್ಟು ತಾಳೆ ನೋಡಿದಳು. ಶಾಲೆಯಲ್ಲಿ ಓಮನ ನಿಯಮ ಬಾಯಿಪಾಠ ಮಾಡಿದ್ದಳು, ಅದನ್ನು ಕಣ್ಣಾರೆ ಕಂಡದ್ದು ಆವತ್ತು.

ನಷ್ಟವೂ ಇದೆ, ಮುಚ್ಚಿಡಬಾರದು. ಅದೇ ಪಲ್ಸಿಗೆ ಹೆಚ್ಚು ದೂರ ತಿರುಗುವುದರಿಂದ ಕರಾರುವಾಕ್ಕುತನ ಅಷ್ಟರಮಟ್ಟಿಗೆ ಕಡಿಮೆ. ಪಾಟಿನ ಒಳಗಿನ ಕರಿ ಪಟ್ಟಿ ಮುಗಿದ ಮೇಲೆ ಯಾವ ರೆಸಿಸ್ಟರ್ ಹಾಕಿದರೂ ಪ್ರಯೋಜನವಿಲ್ಲ. ಗುಬುಟು ಇಲ್ಲದ ಮೇಲೆ ಪ್ರೋಗ್ರಾಮ್ ತಪ್ಪಿದರೆ ತಡೆಯುವವರೂ ಇಲ್ಲ. ಮೊದಲ ದಿನ ಆನೆ ಗಡಗಡ ನಡುಗಿತು; ಸರ್ವೊಗೆ ಬೇರೆ 5 ವೋಲ್ಟಿನ ಸಪ್ಲೈ ಕೊಟ್ಟು, ಅದರ ನೆಗೆಟಿವನ್ನು ಆರ್ಡುಯಿನೊದ ಗ್ರೌಂಡಿಗೆ ಸೇರಿಸಿದ ಮೇಲೆ ಸರಿಹೋಯಿತು. ವಿಜಯದಶಮಿಯ ದಿನ ಬಂದವರೆಲ್ಲರ ಎದುರಿಗೆ ಆನೆ ಬನ್ನಿಮಂಟಪ ಮುಟ್ಟಿತು.

ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದ ಊರು ನಮ್ಮದು. ಇಲ್ಲಿನ ಮಕ್ಕಳು ಒಂದು ಸ್ಕ್ರೂ ತಿರುಗಿಸಲು ರಿಜಿಸ್ಟರಿನ ಅಪ್ಪಣೆ ಕಾಯಬೇಕೆಂದರೆ ಹೊಟ್ಟೆ ಉರಿಯುತ್ತದೆ. ಶಾಲೆಗಳಲ್ಲಿ ಸೀಮೆಸುಣ್ಣ ಖರ್ಚು ಬರೆಯುವ ಹಾಗೆಯೇ ವರ್ಷಕ್ಕೆ ಹತ್ತು ಸರ್ವೊಗಳನ್ನಾದರೂ ಖರ್ಚಿನ ಬಾಬ್ತಿಗೆ ಹಾಕಲಿ. ಸುಟ್ಟದ್ದು, ಹಲ್ಲು ಮುರಿದದ್ದು ಏನಿದ್ದರೂ ಬಿಸಾಡದೆ ಒಂದು ಡಬ್ಬಿಯಲ್ಲಿಟ್ಟು, ಬಿಚ್ಚಿ ನೋಡಲು ಮಕ್ಕಳಿಗೇ ಕೊಡಲಿ. ಬೆಸುಗೆ ಹಾಕುವಾಗ ಪಕ್ಕದಲ್ಲಿ ಕೂರಲು ದೊಡ್ಡವರು ಬೇಕು ಎನ್ನುವುದಾದರೆ ನನ್ನಂಥ ಹಳೇ ಮೆಕ್ಯಾನಿಕ್‌ಗಳು ಊರಿನಲ್ಲಿ ಇನ್ನೂ ಇದ್ದೇವೆ. ಕರೆದರೆ ಶನಿವಾರ ಮಧ್ಯಾಹ್ನ ನನ್ನದೇ ಸೋಲ್ಡರಿಂಗ್ ಐರನ್ ಹಿಡಿದುಕೊಂಡು ಬರುತ್ತೇನೆ.

— ಒಬ್ಬ ರೇಡಿಯೊ ಮೆಕ್ಯಾನಿಕ್, ಮಂಡಿ ಮೊಹಲ್ಲಾ, ಮೈಸೂರು