ನಾಲ್ಕನೇ ನರ ಹರಿಯದೆ ಉಳಿದಿದ್ದಕ್ಕೆ

ಕಣ್ಣು ಹೊರಳಿಸುವ ಮೂರು ಕಪಾಲ ನರಗಳನ್ನು (3, 4 ಮತ್ತು 6ನೆಯದು) ಮಿದುಳಕಾಂಡದಿಂದ ಸ್ನಾಯುವಿನವರೆಗೆ ಬಿಡಿಸಿದ ಮಾದರಿ ಶಿವಮೊಗ್ಗದ ನಮ್ಮ ಡಿಸೆಕ್ಷನ್ ಹಾಲಿನಲ್ಲಿ ಸಿದ್ಧವಾಗಿದೆ. ಮೊದಲ ನಮಸ್ಕಾರ ದೇಹದಾನ ಮಾಡಿದ ಹಿರಿಯರಿಗೆ, ಅವರ ಮಾತು ನಡೆಸಿಕೊಟ್ಟ ಮನೆಯವರಿಗೆ. ನೇತ್ರದಾನವೂ ಆಗಿದೆಯಲ್ಲ, ಇನ್ನು ಕಣ್ಣಿನ ಪಾಠಕ್ಕೆ ಬಂದೀತೇ ಎಂದು ಅವರಿಗೆ ಅಳುಕಿತ್ತು. ತೆಗೆದದ್ದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಮಾತ್ರ. ಗುಡ್ಡೆ ಹೊರಳಿಸುವ ಆರೂ ಸ್ನಾಯುಗಳು, ನರಗಳು ಇದ್ದಲ್ಲೇ ಇದ್ದವು.

ಅಟೆಂಡರ್ ಅಣ್ಣಂದಿರ ಋಣ ದೊಡ್ಡದು. ಮಿದುಳನ್ನು ಇಡಿಯಾಗಿ ಎಳೆದರೆ ಮೊದಲು ಹರಿಯುವುದು ನಾಲ್ಕನೆಯದೇ. ಮೂರರಲ್ಲಿ ಅದೇ ತೀರ ಸಪೂರ. ಮಿದುಳಕಾಂಡದ ಬೆನ್ನ ಕಡೆಯಿಂದ ಹೊರಟು, ಸುತ್ತಿ ಬಂದು, ದೊಡ್ಡ ಮಿದುಳು, ಕಿರು ಮಿದುಳುಗಳ ನಡುವಿನ ಟೆಂಟೋರಿಯಂ ಪೊರೆಯ ಅಂಚಿನಡಿ ಅಡಗುತ್ತದೆ. ಅದಕ್ಕೇ ಅವರು ಮಿದುಳಕಾಂಡವನ್ನು ಜಾಗದಲ್ಲೇ ಬಿಟ್ಟು, ನರ ಪೊರೆ ಹೊಕ್ಕುವಲ್ಲಿಗಿಂತ ಹಿಂದೆ ಪೊರೆಗೆ ಕತ್ತರಿ ಇಟ್ಟರು. ಆಷಾಢದ ಮಳೆಯಲ್ಲಿ ಬೂಷ್ಟು ಹಿಡಿಯದಂತೆ ಫಿನಾಲ್ ಬೆರೆಸಿದ ನೀರಿನ ಬಟ್ಟೆ ಹೊದಿಸಿ ಕಾದವರೂ ಅವರೇ. ಮಲೆನಾಡಿನ ಥಂಡಿಯಲ್ಲಿ ಇದು ಸಣ್ಣ ಕೆಲಸವಲ್ಲ.

ಕಣ್ಣಗೂಡಿನ ಚಾವಣಿ ತೆಗೆದ ವಿದ್ಯಾರ್ಥಿಗಳಿಗೆ ಶಹಬ್ಬಾಸ್. ಮೂಳೆ ಮೊಟ್ಟೆಚಿಪ್ಪಿನಂತೆ ತೆಳು. ಉಳಿಯನ್ನು ಜೋರಾಗಿ ಹೊಡೆದರೆ ಚೂರು ಒಳಗಿಳಿದು ನರ ಕೊಯ್ಯುತ್ತದೆ. ಮೆಲ್ಲಗೆ ತಟ್ಟಿ ಬಿರುಕು ಬಿಡಿಸಿ, ಚಿಮಟದಲ್ಲಿ ಒಂದೊಂದೇ ಚೂರು ಎತ್ತಿದರು. ಕೆಳಗಿನ ಪೊರೆ ಸೀಳಿದೊಡನೆ ಎದುರಿಗೆ ಕಾಣುವ ದಪ್ಪ ನರ ಫ್ರಾಂಟಲ್. ಅದು ಹಣೆಯ ಸ್ಪರ್ಶದ ನರ, ಎಲ್ಲರೂ ಮೋಸಹೋಗುವುದು ಇಲ್ಲೇ. ನಾಲ್ಕನೆಯದು ಅದರ ಮೂಗಿನ ಬದಿಗೆ, ಗುಡ್ಡೆಯನ್ನು ಕೆಳಗೆ ಹೊರಳಿಸಲು ನೆರವಾಗುವ ಸುಪೀರಿಯರ್ ಆಬ್ಲಿಕ್ ಸ್ನಾಯುವಿನ ಮೇಲಂಚು ಹೊಗುತ್ತದೆ. ಆರನೆಯದು ಗುಡ್ಡೆಯನ್ನು ಹೊರಕ್ಕೆ ಹೊರಳಿಸುವ ಲ್ಯಾಟರಲ್ ರೆಕ್ಟಸ್ ಸ್ನಾಯುವಿನ ಒಳಮೈಯಲ್ಲಿ ಸಿಗುತ್ತದೆ. ಉಳಿದ ನಾಲ್ಕು ಸ್ನಾಯುಗಳೂ, ರೆಪ್ಪೆ ಎತ್ತುವ ಸ್ನಾಯುವೂ ಮೂರನೆಯದರ ಪಾಲು.

ಕಣ್ಣಿನ ವಿಭಾಗದವರು ಬಂದು ನಿಂತು ವಿವರಿಸಿದ್ದರಿಂದಲೇ ಮಾದರಿಗೆ ಜೀವ ಬಂತು. ನಾಲ್ಕನೆಯದು ಸೋತವರಿಗೆ ತೋಟದ ಧರೆ ಇಳಿಯುವಾಗ ಮೆಟ್ಟಿಲು ಮೇಲೆ-ಕೆಳಗೆ ಎರಡಾಗಿ ಕಾಣುತ್ತದೆ. ತಲೆಯನ್ನು ಇನ್ನೊಂದು ಬದಿಗೆ ವಾಲಿಸುತ್ತಾರೆ. ರೆಪ್ಪೆ ಜೋತು, ಗುಡ್ಡೆ ಹೊರಗೆ-ಕೆಳಗೆ ಸರಿದು, ಪಾಪೆಯೂ ಅಗಲವಾಗಿದ್ದರೆ ಮೂರನೇ ನರವನ್ನು ಊದಿದ ರಕ್ತನಾಳ ಒತ್ತುತ್ತಿರಬಹುದು. ಪಾಪೆಯ ಎಳೆಗಳು ನರದ ಹೊರಮೈಯಲ್ಲೇ ಇವೆ, ಒತ್ತಡ ಮೊದಲು ತಟ್ಟುವುದು ಅವಕ್ಕೆ. ಸಕ್ಕರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಪಾಪೆಗೆ ಏನೂ ಆಗಿರುವುದಿಲ್ಲ. ಆದರೂ ಊಹಿಸುತ್ತ ಕೂರಬಾರದು, ಅವತ್ತೇ ಆಸ್ಪತ್ರೆಗೆ.

ಮಾದರಿ ನೋಡಲು ಬರುವವರು ನಾಲ್ಕನೆಯದನ್ನು ಚಿಮಟದಿಂದ ಎತ್ತಬೇಡಿ. ಕೆಳಗೆ ಕಪ್ಪು ಕಾಗದ ಸೇರಿಸಿಟ್ಟಿದ್ದೇವೆ, ಹಾಗೆಯೇ ಕಾಣುತ್ತದೆ.