ಎಂಟನೇ ತರಗತಿಯ ಬೀಜಗಣಿತ ಎಲ್ಲ ಮಕ್ಕಳಿಗೂ ಸಿಗಲಿ

ಮಾನ್ಯರೇ,

ಸ್ಯಾನ್ ಫ್ರಾನ್ಸಿಸ್ಕೊ ಸರ್ಕಾರಿ ಶಾಲೆಗಳಲ್ಲಿ ಎಂಟನೇ ತರಗತಿಗೆ ಬೀಜಗಣಿತ ಮರಳುತ್ತಿರುವ ವರದಿ ಓದಿ, ಇಲ್ಲಿನ ಪೋಷಕಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ಜಾಣರಿಗೊಂದು, ಉಳಿದವರಿಗೊಂದು ತರಗತಿ ಎಂಬ ಭೇದ ಬೇಡವೆಂದು 2014ರಲ್ಲಿ ಈ ಪಾಠವನ್ನು ಒಂಬತ್ತನೇ ತರಗತಿಗೆ ಮುಂದೂಡಲಾಯಿತು. ಆಶಯ ಒಳ್ಳೆಯದೇ, ಕಪ್ಪು ಹಾಗೂ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳೇ ಹೆಚ್ಚಾಗಿ ಕೆಳಹಂತದ ತರಗತಿಗಳಲ್ಲಿ ಉಳಿಯುತ್ತಿದ್ದುದು ಸುಳ್ಳಲ್ಲ. ಆದರೆ ಭೇದ ಅಳಿಯಲಿಲ್ಲ, ಶಾಲೆಯಿಂದ ಟ್ಯೂಷನ್‌ಗೆ ಸ್ಥಳಾಂತರಗೊಂಡಿತು. ನಾವೂ ಹಣ ಕಟ್ಟಿ ಮಗಳನ್ನು ಆನ್‌ಲೈನ್ ಕೋರ್ಸ್‌ಗೆ ಸೇರಿಸಿದೆವು. ಅವಳು ರಾತ್ರಿ ಊಟದ ಮೇಜಿನ ಮೇಲೆ ಸಮೀಕರಣ ಬಿಡಿಸುತ್ತಿದ್ದಾಗ, ಅವಳಷ್ಟೇ ಚುರುಕಾದ ಗೆಳತಿ ತನ್ನ ಮನೆಯಲ್ಲಿ ತಮ್ಮನಿಗೆ ಊಟ ಮಾಡಿಸುತ್ತಿದ್ದಳು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. 2024ರ ಮಾರ್ಚ್‌ನಲ್ಲಿ ನಗರದ ಶೇ 80ಕ್ಕೂ ಹೆಚ್ಚು ಮತದಾರರು ಪಾಠ ಮರಳಲಿ ಎಂದದ್ದು ಸುಮ್ಮನೆ ಅಲ್ಲ.

ಈಗ ಕೇಳಿ ಪಡೆದವರಿಗಷ್ಟೇ ಸೀಟು ಎಂಬಂತಾಗಬಾರದು. ಕೇಳಲು ತಿಳಿಯದ ಪೋಷಕರೇ ಹೆಚ್ಚು. ಏಳನೇ ತರಗತಿಯ ಗಣಿತ ಕಲಿತಿರುವ ಎಲ್ಲರನ್ನೂ ಶಾಲೆಯೇ ನೇರವಾಗಿ ಸೇರಿಸಿಕೊಳ್ಳಲಿ, ತಡವರಿಸುವವರಿಗೆ ಶಾಲಾ ವೇಳೆಯಲ್ಲೇ ಒಂದು ಹೆಚ್ಚುವರಿ ಪೀರಿಯಡ್ ಕೊಡಲಿ.

– ಕನ್ನಡಿಗ ಪೋಷಕಿ, ಸ್ಯಾನ್ ಫ್ರಾನ್ಸಿಸ್ಕೊ